ಫೋನಿನಲ್ಲಿರುವ ಗ್ರಾಮೂ ಕೈಯಲ್ಲಿರುವ ಗ್ರಾಮೂ ಒಂದೇನಾ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು. ಮೂಲ ಊರು ಕುಂದಾಪುರದ ಕಡೆ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಆ ದುಡ್ಡಿನಲ್ಲಿ ವರ್ಷಕ್ಕೊಮ್ಮೆ, ಅಕ್ಷಯ ತೃತೀಯಕ್ಕೋ ದಸರೆಗೋ, ಸ್ವಲ್ಪ ಚಿನ್ನ ತಗೊಳ್ಳುವುದು ರೂಢಿ. ಪುಣೆಯಲ್ಲಿ ಕೆಲಸದಲ್ಲಿರುವ ಮಗ, "ಅಮ್ಮ, ಸುಮ್ನೆ ಮೇಕಿಂಗ್ ಚಾರ್ಜ್ ದಂಡ. ಗೋಲ್ಡ್ ಇಟಿಎಫ್ ತಗೋ, ಫೋನಲ್ಲೇ ಇರುತ್ತೆ" ಅನ್ನುತ್ತಾನೆ. ಚಿನ್ನದ ಬದಲು, ಚಿನ್ನ ಇಟ್ಟುಕೊಂಡ ಫಂಡಿನ ಪಾಲು ಕೊಳ್ಳುವುದಂತೆ ಅದು. ಅವನ ಲೆಕ್ಕ ಸರಿ ಇರಬಹುದು. ಆದರೆ ಫೋನಿನಲ್ಲಿ ಕಾಣುವ ಗ್ರಾಮು ನನಗೆ ಚಿನ್ನ ಅನ್ನಿಸುವುದೇ ಇಲ್ಲ. ಕೈಯಲ್ಲಿ ಹಿಡಿದು ಕಪಾಟಿನಲ್ಲಿ ಇಟ್ಟರೇನೇ ಸಮಾಧಾನ. ಇದು ಬರೀ ಭ್ರಮೆಯಾ? ಕೊಳ್ಳುವುದಾದರೆ ಒಡವೆಯೋ, ನಾಣ್ಯವೋ? ಎಲ್ಲಿಡಬೇಕು? ಅತ್ತೆ ಕೊಟ್ಟ ಹಳೆಯ ಅವಲಕ್ಕಿ ಸರ ಒಂದಿದೆ. ಅದನ್ನು ಕೊಟ್ಟು ಹೊಸದು ತಗೊಳ್ಳಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಕೊಡಲಾ?

ಉತ್ತರ: ಭ್ರಮೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಂಬಯಿಯಲ್ಲಿ ಬ್ಯಾಂಕುಗಳಿಗೆ ಅಡವಿನ ಚಿನ್ನ ಪರೀಕ್ಷಿಸಿ ಕೊಡುವುದು ನನ್ನ ಕಸುಬು. ಹಾಗಾಗಿ ಚಿನ್ನ ಕೊಳ್ಳುವವರಿಗಿಂತ, ಕೊಂಡ ಚಿನ್ನ ಕಷ್ಟಕ್ಕೆ ಬೇಕಾದವರನ್ನೇ ಜಾಸ್ತಿ ನೋಡಿದ್ದೇನೆ. ಆಸ್ಪತ್ರೆಯ ಬಿಲ್ಲು, ಮಗಳ ಕಾಲೇಜು ಫೀಸು, ಹೋಟೆಲ್ ಜಾಗದ ಡಿಪಾಸಿಟ್ಟು, ಹೀಗೆ ಕಾರಣಗಳು ಬೇರೆ ಬೇರೆ. ಕರ್ಚೀಪಿನ ಗಂಟು ಬಿಚ್ಚಿ ಎರಡು ಬಳೆ ಮೇಜಿನ ಮೇಲಿಟ್ಟರೆ, ಅದೇ ದಿನ ದುಡ್ಡು ಕೈಗೆ ಬರುತ್ತದೆ. ಸಂಬಳದ ಚೀಟಿ ಬೇಡ, ಜಾಮೀನುದಾರ ಬೇಡ. ಈ ಅನುಭವ ಇರುವ ಮನೆಯಲ್ಲಿ ಬೆಳೆದವರಿಗೆ ಚಿನ್ನ ಕೈಯಲ್ಲೇ ಇರಬೇಕು ಅನ್ನಿಸುವುದು ಸಹಜ.

ನಿಮ್ಮ ಸಮಾಧಾನದ ಬುಡದಲ್ಲಿರುವುದು ಒಂದೇ ವಿಷಯ ಎಂದು ನನಗೆ ಅನ್ನಿಸುತ್ತದೆ. ಕೈಯಲ್ಲಿರುವ ಚಿನ್ನ ಯಾರ ಮಾತಿನ ಮೇಲೂ ನಿಂತಿಲ್ಲ. ಫಿಕ್ಸೆಡ್ ಡಿಪಾಸಿಟ್ ಅಂದರೆ ಬ್ಯಾಂಕು ಕೊಟ್ಟ ಮಾತು. ಷೇರು ಅಂದರೆ ಕಂಪನಿ ಚೆನ್ನಾಗಿ ನಡೆಯುತ್ತದೆ ಎಂಬ ನಂಬಿಕೆ. ಇಟಿಎಫ್‌ನಲ್ಲಿ ನಿಜವಾದ ಚಿನ್ನವೇ ಇರುತ್ತದೆ, ಆದರೆ ನಿಮಗೂ ಅದಕ್ಕೂ ನಡುವೆ ಫಂಡು, ಡಿಮ್ಯಾಟ್ ಖಾತೆ, ಬ್ರೋಕರ್, ಪಾಸ್‌ವರ್ಡ್ ಎಲ್ಲ ಇವೆ. ಅವು ಕೆಟ್ಟವು ಎಂದಲ್ಲ. ದಿನನಿತ್ಯ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಒಮ್ಮೊಮ್ಮೆ ಮಾತು ನಿಂತುಹೋಗುತ್ತದೆ.

2019ರ ಸೆಪ್ಟೆಂಬರ್ ನಿಮಗೆ ನೆನಪಿರಬೇಕು. ಮುಂಬಯಿಯ ಒಂದು ದೊಡ್ಡ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಶುರುವಿನಲ್ಲಿ ಒಂದು ಖಾತೆಯಿಂದ ತೆಗೆಯಲು ಬಿಟ್ಟದ್ದು 1,000 ರೂಪಾಯಿ ಮಾತ್ರ. ಮಿತಿ ಏರಿಸುತ್ತಾ ಹೋದದ್ದು ಆಮೇಲೆ. ಠೇವಣಿ ವಿಮೆಯೂ ಆಗ 1 ಲಕ್ಷಕ್ಕೆ ಮಾತ್ರ ಇತ್ತು, 5 ಲಕ್ಷ ಆದದ್ದು 2020ರ ಫೆಬ್ರುವರಿಯಲ್ಲಿ. ಮದುವೆ ಗೊತ್ತಾಗಿದ್ದ ಮನೆಗಳು, ಡಯಾಲಿಸಿಸ್ ನಡೆಯುತ್ತಿದ್ದ ಮನೆಗಳು ಏನು ಮಾಡಬೇಕಿತ್ತು? ಕಪಾಟಿನಲ್ಲಿ ಬಳೆ ಇದ್ದವರ ಪಾಡು ಬೇರೆ, ಇಲ್ಲದವರ ಪಾಡು ಬೇರೆ.

ದೇಶಕ್ಕೂ ಇಂಥ ದಿನ ಬಂದಿತ್ತು. 1991ರಲ್ಲಿ ವಿದೇಶಿ ವಿನಿಮಯ ಬರಿದಾಗುತ್ತಾ ಬಂದಾಗ ಸರ್ಕಾರ ಮೊದಲು 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಕೊಟ್ಟಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತನ್ನ ಸುಮಾರು 47 ಟನ್ ಚಿನ್ನವನ್ನು ಇದೇ ಮುಂಬಯಿಯಿಂದ ವಿಮಾನದಲ್ಲಿ ಕಳಿಸಿ ಇಂಗ್ಲೆಂಡ್, ಜಪಾನ್‌ಗಳ ಕೇಂದ್ರ ಬ್ಯಾಂಕುಗಳಿಂದ ಸಾಲ ಎತ್ತಿತು. ಆ ಹೊತ್ತಿನಲ್ಲಿ ನಮ್ಮ ಸಹಿಯಿಂದ ಕೆಲಸ ಆಗಲಿಲ್ಲ, ಚಿನ್ನದಿಂದ ಆಯಿತು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಕೊಂಡುಕೊಂಡಿತು.

ಹೆಂಗಸರ ಮಟ್ಟಿಗೆ ಇನ್ನೂ ಒಂದು ಮಾತಿದೆ, ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಫ್ಲ್ಯಾಟು ಗಂಡನ ಹೆಸರಿನಲ್ಲಿ, ಊರಿನ ಜಾಗ ಮಾವನ ಹೆಸರಿನಲ್ಲಿ, ಹೂಡಿಕೆ ಎಲ್ಲ ಗಂಡಸರ ಫೋನಿನಲ್ಲಿ. ಹೆಂಗಸು ತನ್ನದು ಎಂದು ಯಾರನ್ನೂ ಕೇಳದೆ ಹೇಳಬಹುದಾದದ್ದು ಬಹಳ ಮನೆಗಳಲ್ಲಿ ಚಿನ್ನ ಒಂದೇ. ಕಾನೂನೂ ಹಾಗೇ ಹೇಳುತ್ತದೆ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಮದುವೆಯಾದ ಮಾತ್ರಕ್ಕೆ ಅದು ಗಂಡನ ಜೊತೆ ಜಂಟಿ ಆಸ್ತಿ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನಿಮ್ಮ ಟ್ಯೂಷನ್ ದುಡ್ಡಿನ ಚಿನ್ನ ಅಂತೂ ನಿಮ್ಮ ಸಂಪಾದನೆಯೇ. ಅದನ್ನು ಮುಟ್ಟಿ ನೋಡಬೇಕು ಅನ್ನಿಸುವುದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಮುಟ್ಟುವುದರ ಸುಖವನ್ನೂ ಕಡೆಗಣಿಸಬೇಡಿ. ಚಿನ್ನ ನೀರಿಗಿಂತ 19 ಪಟ್ಟು ಭಾರ. 10 ಗ್ರಾಮಿನ ನಾಣ್ಯ ಅರ್ಧ ಘನ ಸೆಂಟಿಮೀಟರಿಗಿಂತ ತುಸು ಜಾಸ್ತಿ ಜಾಗ ಹಿಡಿಯುತ್ತದೆ ಅಷ್ಟೇ. ಅಂಗೈಯಲ್ಲಿಟ್ಟರೆ ಕಣ್ಣು ಎಣಿಸಿದ್ದಕ್ಕಿಂತ ಭಾರ ಕೈಗೆ ತಾಗುತ್ತದೆ. ಮೊದಲ ಸಲ ಹಿಡಿದವರೆಲ್ಲ ಒಮ್ಮೆ ಕೈ ಮೇಲೆ ಕೆಳಗೆ ಆಡಿಸಿ ನೋಡುತ್ತಾರೆ. ಮುಂಬಯಿಯ ಈ ಉಪ್ಪುಗಾಳಿಯಲ್ಲಿ ಕಬ್ಬಿಣ ತಿನ್ನುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಹಿತ್ತಾಳೆ ಹಸಿರಾಗುತ್ತದೆ. ಶುದ್ಧ ಚಿನ್ನಕ್ಕೆ ಏನೂ ಆಗುವುದಿಲ್ಲ. ಅಜ್ಜಿ ನೋಡಿದ ಬಣ್ಣವನ್ನೇ ಮೊಮ್ಮಗಳು ನೋಡುತ್ತಾಳೆ. ಇದೆಲ್ಲ ನಿಜವಾದ ಗುಣ, ನಿಮ್ಮ ಕಲ್ಪನೆ ಅಲ್ಲ.

ಈಗ ಮಗನ ಲೆಕ್ಕಕ್ಕೆ ಬರೋಣ. ಅವನು ಹೇಳುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 10,000 ರೂಪಾಯಿ ಎಂದೇ ಇಟ್ಟುಕೊಳ್ಳಿ. 20 ಗ್ರಾಮಿನ ಬಳೆ. ಚಿನ್ನಕ್ಕೆ 2,00,000. ಮಜೂರಿ, ಅದೇ ಮೇಕಿಂಗ್ ಚಾರ್ಜ್, ಶೇ. 12 ಅಂದರೆ 24,000. ಇಡೀ ಮೊತ್ತದ ಮೇಲೆ ಶೇ. 3 ಜಿಎಸ್‌ಟಿ 6,720. ನೀವು ಕೊಟ್ಟದ್ದು 2,30,720. ಮಾರನೇ ದಿನವೇ ಮಾರಲು ಹೋದರೆ ಮಜೂರಿ ಹೋಯಿತು, ತೆರಿಗೆ ಹೋಯಿತು, ಅಂಗಡಿಯವರು ಶೇ. 2 ಮುರಿದುಕೊಂಡರು ಅನ್ನಿ, ಕೈಗೆ ಬರುವುದು 1,96,000. ಕೊಟ್ಟ ದುಡ್ಡು ವಾಪಸ್ ಬರಬೇಕಾದರೆ ಚಿನ್ನದ ದರ ಹತ್ತಿರ ಹತ್ತಿರ ಶೇ. 18 ಏರಬೇಕು. ಅದೇ 20 ಗ್ರಾಮನ್ನು ನಾಣ್ಯವಾಗಿ ಕೊಂಡರೆ, ಮೇಲಿನ ಖರ್ಚು ಶೇ. 3 ಎಂದು ಹಿಡಿದರೂ, ಬಿಲ್ಲು 2,12,180. ನಷ್ಟ ಬಳೆಯ ನಷ್ಟದ ಅರ್ಧಕ್ಕಿಂತ ಕಡಿಮೆ. ಇಟಿಎಫ್‌ನಲ್ಲಿ ಮಜೂರಿಯೂ ಇಲ್ಲ, ವರ್ಷದ ಖರ್ಚು ಸಾಮಾನ್ಯವಾಗಿ ಶೇ. 1ರ ಒಳಗೆ.

ದರ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯೂ ಬೇಡ. 2025ರ ಏಪ್ರಿಲಿನಲ್ಲಿ 10 ಗ್ರಾಮಿಗೆ 1 ಲಕ್ಷ ದಾಟಿದ್ದನ್ನು ನೋಡಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಆದರೆ 1996ರಲ್ಲಿ 5,000ದ ಆಸುಪಾಸು ಇದ್ದ ದರ 2001ರಲ್ಲಿ ಅದಕ್ಕಿಂತ ಕಮ್ಮಿ ಇತ್ತು. 2012ರಲ್ಲಿ 31,000ದ ಹತ್ತಿರ ಕೊಂಡವರು 2015ರಲ್ಲಿ 26,000ದ ಹತ್ತಿರದ ದರ ನೋಡಿದರು. ಚಿನ್ನ ಬಡ್ಡಿ ಕೊಡುವುದಿಲ್ಲ, ಬಾಡಿಗೆ ಕೊಡುವುದಿಲ್ಲ. ಮನೆಯ ಉಳಿತಾಯದಲ್ಲಿ ಹತ್ತರಲ್ಲೊಂದು ಪಾಲು, ಬಹಳ ಆಸೆ ಇದ್ದರೆ ಒಂದೂವರೆ ಪಾಲು, ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ದರ ಏರಿದರೆ ಲಾಭ ಬೇಕು ಎನ್ನುವ ದುಡ್ಡನ್ನು ಮಗ ಹೇಳಿದ ಇಟಿಎಫ್‌ನಲ್ಲೇ ಹಾಕಿ. ಅದಕ್ಕೆ ಅದೇ ಸರಿಯಾದ ಜಾಗ. ಸರ್ಕಾರದ ಗೋಲ್ಡ್ ಬಾಂಡ್ ಇನ್ನೂ ಚೆನ್ನಾಗಿತ್ತು, ಚಿನ್ನದ ದರದ ಜೊತೆ ಶೇ. 2.5ರಿಂದ 2.75ರ ತನಕ ಬಡ್ಡಿ ಕೂಡ. 2015ರ ನವೆಂಬರಿನ ಮೊದಲ ಕಂತಿನಲ್ಲಿ ಗ್ರಾಮಿಗೆ 2,684 ಕೊಟ್ಟವರಿಗೆ 2023ರಲ್ಲಿ 6,132 ಬಂತು. 2024ರ ಫೆಬ್ರುವರಿಯ ಕಂತಿನ ನಂತರ ಹೊಸದು ಬಂದಿಲ್ಲ. ಒಂದು ಎಚ್ಚರ: ಫೋನಿನ ಆ್ಯಪುಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಗೋಲ್ಡ್ ಬೇರೆ, ಇಟಿಎಫ್ ಬೇರೆ. ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿ ಇಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2025ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಗನಿಗೂ ಹೇಳಿ.

ಹಾಗಾದರೆ ಕೈಯಲ್ಲಿ ಹಿಡಿಯುವ ಚಿನ್ನವನ್ನು ಯಾಕೆ ಕೊಳ್ಳಬೇಕು? ಯಾರ ಮಾತೂ ಬೇಡ ಎಂಬ ಆ ಒಂದು ಗುಣಕ್ಕಾಗಿ. ಹಾಗಿದ್ದ ಮೇಲೆ, ಕೊಳ್ಳುವಾಗಲೂ ಆ ಗುಣ ಉಳಿಯುವ ಹಾಗೆ ಕೊಳ್ಳಬೇಕು ಅಲ್ವಾ? ಬಹಳ ಮಂದಿ ಇಲ್ಲೇ ಎಡವುತ್ತಾರೆ. "ನಮ್ಮಲ್ಲಿ ತಗೊಂಡದ್ದನ್ನು ನಮ್ಮಲ್ಲೇ ಕೊಡಿ, ಪೂರ್ತಿ ಬೆಲೆ ಕೊಡ್ತೀವಿ" ಎಂಬ ಅಂಗಡಿಯ ಭರವಸೆ ನಂಬಿ ಕಲ್ಲಿನ ನೆಕ್ಲೆಸ್ ತಗೊಳ್ಳುತ್ತಾರೆ. ಆ ಅಂಗಡಿ ಹದಿನೈದು ವರ್ಷದ ಮೇಲೆ ಇರುತ್ತದೋ ಇಲ್ಲವೋ. ಒಡವೆಯ ಬೆಲೆ ಮತ್ತೆ ಒಬ್ಬರ ಮಾತಿನ ಮೇಲೆ ನಿಂತ ಹಾಗಾಯಿತು.

ಅಂಗಡಿಗಳ ಮಾಸಿಕ ಸ್ಕೀಮೂ ಹಾಗೇ. ಹನ್ನೊಂದು ಕಂತು ಕಟ್ಟಿದರೆ ಹನ್ನೆರಡನೆಯದು ಅವರದು ಎನ್ನುವ ಆ ಸ್ಕೀಮಿನಲ್ಲಿ ನಿಮ್ಮ ಕೈಯಲ್ಲಿ ಇರುವುದು ಒಂದು ಪಾಸ್‌ಬುಕ್ಕು, ಚಿನ್ನ ಅಲ್ಲ. ಅದಕ್ಕೆ ಠೇವಣಿ ವಿಮೆಯೂ ಇಲ್ಲ. 2019ರ ದೀಪಾವಳಿ ಹೊತ್ತಿಗೆ ನಿಮ್ಮ ಡೊಂಬಿವಲಿಯಲ್ಲೇ ಒಂದು ದೊಡ್ಡ ಅಂಗಡಿ ಬಾಗಿಲು ಹಾಕಿ, ಸ್ಕೀಮು ಕಟ್ಟಿದವರು ಪೊಲೀಸ್ ಸ್ಟೇಷನ್ನಿನ ಮುಂದೆ ಸಾಲು ನಿಂತದ್ದನ್ನು ನೀವೂ ಕೇಳಿರುತ್ತೀರಿ. ತಿಂಗಳು ತಿಂಗಳು ಕೂಡಿಡಬೇಕಾದರೆ ಬ್ಯಾಂಕಿನ ಆರ್‌ಡಿ ಮಾಡಿ, ವರ್ಷದ ಕೊನೆಗೆ ಆ ದುಡ್ಡು ಹಿಡಿದು ಅಂಗಡಿಗೆ ಹೋಗಿ.

ಒಡವೆಯೋ ನಾಣ್ಯವೋ ಎಂದು ಕೇಳಿದ್ದೀರಿ. ಅದಕ್ಕೆ ಮೊದಲು ಸ್ವಲ್ಪ ಹಳೆಯ ಕಥೆ ಹೇಳಬೇಕು. ನಮ್ಮ ತಾಯಂದಿರು ಯಾಕೆ ಒಡವೆಯಲ್ಲೇ ಉಳಿಸಿದರು ಎಂದರೆ, ಅವರಿಗೆ ಬೇರೆ ದಾರಿ ಇರಲಿಲ್ಲ. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, ಚಿನ್ನ ನಿಯಂತ್ರಣದ ನಿಯಮಗಳು ಬಂದವು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧದ ಹೊಸ ಒಡವೆ ಮಾಡುವ ಹಾಗಿರಲಿಲ್ಲ. ಎಷ್ಟೋ ಅಕ್ಕಸಾಲಿಗರ ಮನೆಗಳಲ್ಲಿ ಒಲೆ ಆರಿತು. 1968ರ ಕಾಯ್ದೆ ಬಂದ ಮೇಲೆ ಸಾಮಾನ್ಯ ಜನ ಗಟ್ಟಿ ಇಟ್ಟುಕೊಳ್ಳುವುದೇ ಅಪರಾಧ ಆಯಿತು, ನಾಣ್ಯದ ಮೇಲೂ ಕಟ್ಟುಪಾಡು ಬಂತು. ಸುಲಭವಾಗಿ ಇಡಬಹುದಾದದ್ದು ಒಡವೆ ಮಾತ್ರ. ಮುಂಬಯಿಯ ಕರಾವಳಿಯಲ್ಲಿ ಹತ್ತು ತೊಲದ ಬಿಸ್ಕತ್ತುಗಳು, ಅಂದರೆ 116 ಗ್ರಾಮು ಚಿಲ್ಲರೆ ತೂಗುವ ಗಟ್ಟಿಗಳು, ಕಳ್ಳಸಾಗಣೆಯಲ್ಲಿ ಇಳಿಯುತ್ತಿದ್ದ ಕಾಲ ಅದು. 1990ರಲ್ಲಿ ಕಾಯ್ದೆ ರದ್ದಾಯಿತು. ಅಷ್ಟರಲ್ಲಿ ಒಂದು ಇಡೀ ಪೀಳಿಗೆಗೆ ಉಳಿತಾಯ ಅಂದರೆ ಬಳೆ, ಸರ ಎಂದೇ ರೂಢಿಯಾಗಿತ್ತು. ಅವರಿಗಿಲ್ಲದ ಆಯ್ಕೆ ಈಗ ನಿಮಗಿದೆ.

ಆದರೂ ನಾನು ಎಲ್ಲವನ್ನೂ ನಾಣ್ಯದಲ್ಲೇ ಇಡಿ ಎನ್ನುವುದಿಲ್ಲ. ಕಾರಣ ಅಡವು. ಬಿಸ್ಕತ್ತು, ಗಟ್ಟಿಗಳ ಮೇಲೆ ಬ್ಯಾಂಕುಗಳು ಸಾಲ ಕೊಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ನಾಣ್ಯವಾದರೆ ಒಬ್ಬರಿಗೆ 50 ಗ್ರಾಮಿನ ತನಕ ಮಾತ್ರ, ಹಳೆಯ ನಿಯಮದಲ್ಲಂತೂ ಬ್ಯಾಂಕುಗಳೇ ಮಾರಿದ ನಾಣ್ಯಕ್ಕಷ್ಟೇ ಸಾಲ ಸಿಗುತ್ತಿತ್ತು. ಅಂಗಡಿಯಲ್ಲಿ ಕೊಂಡ ನಾಣ್ಯ ತಂದು ಮೇಜಿನ ಮೇಲಿಟ್ಟವರನ್ನು ಬರಿಗೈಯಲ್ಲಿ ಕಳಿಸಬೇಕಾಗಿ ಬಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಒಡವೆಗೆ ಈ ತೊಡಕಿಲ್ಲ. ಇನ್ನೊಂದು ವಿಚಿತ್ರ ಎಂದರೆ ನಾಣ್ಯ ಮಾರುವ ಬ್ಯಾಂಕು ಅದನ್ನು ವಾಪಸ್ ಕೊಳ್ಳುವುದಿಲ್ಲ. ಮಾರಬೇಕಾದರೆ ಅಂಗಡಿಗೇ ಹೋಗಬೇಕು.

ಹಾಗಾಗಿ ನಿಮ್ಮಂಥ ಮನೆಗೆ ಎರಡೂ ಇರಲಿ. ದಿನವೂ ಹಾಕಿಕೊಳ್ಳುವ ಎರಡು ಸಾದಾ ಬಳೆ, ಒಂದು ಸರ. ಕಲ್ಲು ಬೇಡ, ಮೀನಾಕಾರಿ ಬೇಡ, ಒಳಗೆ ಟೊಳ್ಳು ಬೇಡ. ಇವು ಕಷ್ಟಕಾಲದ ಅಡವಿಗೆ. ಅದಾದ ಮೇಲಿನದ್ದೆಲ್ಲ ನಾಣ್ಯ. ಒಂದೊಂದೇ ಗ್ರಾಮಿನ ನಾಣ್ಯ ಕೂಡಿಡಬೇಡಿ, ಸಣ್ಣದಾದಷ್ಟೂ ಗ್ರಾಮಿಗೆ ಬೀಳುವ ಮೇಲಿನ ಖರ್ಚು ಜಾಸ್ತಿ. 5 ಅಥವಾ 10 ಗ್ರಾಮಿನದ್ದು ಒಳ್ಳೆಯದು. ಸೀಲ್ ಮಾಡಿದ ಪ್ಯಾಕನ್ನು ಒಡೆಯಬೇಡಿ, ಅದರ ಮೇಲಿನ ನಂಬರೇ ಅದರ ಸಾಕ್ಷಿ. ಮುಟ್ಟುವ ಆಸೆಗೆ ಬಳೆ ಇದೆಯಲ್ಲ.

ಅಲಂಕಾರದ ಒಡವೆ ಬೇಕೆನಿಸಿದರೆ ಖಂಡಿತ ತಗೊಳ್ಳಿ. ಠುಶಿ, ಮೋಹನಮಾಲೆ, ಜೋಮಾಲೆ, ಯಾವುದು ಇಷ್ಟವೋ ಅದು. ಅದರ ಮಜೂರಿಯನ್ನು ಸೀರೆಗೆ ಕೊಟ್ಟ ದುಡ್ಡಿನ ಹಾಗೆ ಖರ್ಚಿಗೆ ಬರೆದುಬಿಡಿ. ಉಳಿತಾಯ ಎಂದು ಲೆಕ್ಕ ಹಿಡಿದರೆ ಮಾತ್ರ ಕೊನೆಗೆ ನೋವಾಗುತ್ತದೆ.

ಯಾಕೆ ಸಾದಾ ಒಡವೆ ಎಂದು ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಮ್ಮ ಮೇಜಿನ ಮೇಲೆ ನಡೆಯುವುದನ್ನು ನೀವು ಒಮ್ಮೆ ನೋಡಬೇಕು. ಮೊದಲು ಒಟ್ಟು ತೂಕ. ಆಮೇಲೆ ಕಳೆಯುತ್ತಾ ಬರುತ್ತೇವೆ. ಕಲ್ಲು, ಮುತ್ತು, ಕರಿಮಣಿ, ದಾರ, ಗುಂಡಿನೊಳಗೆ ತುಂಬಿದ ಅರಗು, ಇದೆಲ್ಲ ಹೋಗುತ್ತದೆ. 40 ಗ್ರಾಮಿನ ಸೆಟ್ಟು ಎಂದು ಹೆಮ್ಮೆಯಿಂದ ತಂದವರಿಗೆ ನಿವ್ವಳ ಚಿನ್ನ ಇಷ್ಟೇ ಎಂದಾಗ ಮಾತೇ ಹೊರಡುವುದಿಲ್ಲ. ಕೊಳ್ಳುವ ದಿನ ಆ ಕಲ್ಲುಗಳನ್ನೂ ಚಿನ್ನದ ದರಕ್ಕೇ ತೂಗಿದ್ದರೆ ಅದು ದೊಡ್ಡ ಮೋಸ. ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ ಬೇರೆ ಬೇರೆ ಬರೆಸಲೇಬೇಕು. ತೂಕ ಆದ ಮೇಲೆ ಒರೆಗಲ್ಲು. ಒಡವೆಯನ್ನು ಕಲ್ಲಿಗೆ ಉಜ್ಜಿ ಒಂದು ಗೆರೆ, ಪಕ್ಕದಲ್ಲೇ ಶುದ್ಧ ಗೊತ್ತಿರುವ ಕಡ್ಡಿಯಿಂದ ಇನ್ನೊಂದು ಗೆರೆ, ಎರಡರ ಮೇಲೂ ಆ್ಯಸಿಡ್. ಕಮ್ಮಿ ಶುದ್ಧದ ಗೆರೆ ಮಾಸುತ್ತದೆ. ಈಗ ಎಕ್ಸ್-ರೇ ಯಂತ್ರಗಳೂ ಬಂದಿವೆ, ಬೇಗ ಹೇಳುತ್ತವೆ. ಆದರೆ ಅವು ನೋಡುವುದು ಮೇಲ್ಮೈಯನ್ನು. ದಪ್ಪ ಲೇಪನದ ಕೆಳಗೆ ಏನಿದೆ ಎಂದು ಗೊತ್ತಾಗಬೇಕಾದರೆ ಕೆರೆಯಬೇಕು, ಇಲ್ಲವೇ ಕರಗಿಸಬೇಕು. ಸಾದಾ ಬಳೆಗೆ ಈ ರಗಳೆ ಯಾವುದೂ ಇಲ್ಲ. ತೂಗಿದರೆ, ಉಜ್ಜಿದರೆ, ಮುಗಿಯಿತು.

ಹಾಲ್‌ಮಾರ್ಕ್ ಇಲ್ಲದ ಹೊಸ ಒಡವೆಯನ್ನು ಕೈಯಲ್ಲೂ ಮುಟ್ಟಬೇಡಿ. 2021ರ ಜೂನ್ 16ರಿಂದ ಇದು ಹಂತ ಹಂತವಾಗಿ ಕಡ್ಡಾಯ ಆಗಿದೆ. 2023ರ ಏಪ್ರಿಲ್ 1ರ ನಂತರ ಅಂಗಡಿಗಳು ಎಚ್‌ಯುಐಡಿ, ಅಂದರೆ ಒಡವೆಗೊಂದು ಗುರುತಿನ ಸಂಖ್ಯೆ, ಇರುವ ಹಾಲ್‌ಮಾರ್ಕನ್ನೇ ಮಾರಬೇಕು. ಭೂತಗನ್ನಡಿ ಕೇಳಿ ಮೂರು ಗುರುತು ನೋಡಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ, 22 ಕ್ಯಾರೆಟ್‌ಗೆ 916 ಎಂಬ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಆ ಆರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ಹಾಕಿ. ಬಳೆಗೆ ಬಳೆ ಎಂದೇ ತೋರಿಸಬೇಕು. ಉಂಗುರ ಎಂದು ತೋರಿಸಿದರೆ ಎದ್ದು ಬನ್ನಿ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕೊರತೆಯ ಬೆಲೆಯ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚನ್ನು ಅಂಗಡಿಯವರು ಕೊಡಬೇಕೆಂದು ನಿಯಮ ಇದೆ. ಕೆಡಿಎಂ ಎಂದು ಈಗಲೂ ಹೇಳುವವರಿದ್ದಾರೆ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಗುರುತಲ್ಲ. ಅದರ ಹೊಗೆ ಬೆಸುಗೆ ಹಾಕುವ ಕೆಲಸಗಾರನ ಶ್ವಾಸಕೋಶಕ್ಕೆ ವಿಷ.

ಎಲ್ಲಿ ಕೊಳ್ಳಬೇಕು? ಝವೇರಿ ಬಜಾರಿಗೇ ಹೋಗಬೇಕು ಎಂಬುದು ಮುಂಬಯಿಯ ಹಳೆಯ ನಂಬಿಕೆ. ಮುಂಬಾದೇವಿ ಗುಡಿಯ ಸುತ್ತಿನ ಆ ಗಲ್ಲಿಗಳನ್ನು ನಾನು ತುಂಬ ಪ್ರೀತಿಸುತ್ತೇನೆ. ಕೆಳಗೆ ಹೊಳೆಯುವ ಅಂಗಡಿ, ಮೇಲಿನ ಮಹಡಿಗಳಲ್ಲಿ ಬಂಗಾಳದ ಕಾರೀಗರರು ಬಾಗಿ ಕೂತು ತಂತಿ ಎಳೆಯುವ ಕೋಣೆಗಳು, ಕರಗಿಸುವವರು, ಟಂಚ್ ಅಂದರೆ ಶುದ್ಧತೆ ನೋಡುವವರು. ಗಟಾರದ ಕೆಸರನ್ನು ಘಮೇಲಾ ಎಂಬ ಬಾಣಲೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುವವರೂ ಇದ್ದಾರೆ. ಅಲ್ಲಿ ಧೂಳಿಗೂ ಬೆಲೆ ಇದೆ. ಕಾರ್ಖಾನೆಯವರು ಆ ಧೂಳನ್ನು ಗುಡಿಸಿಟ್ಟು ಚಿನ್ನ ವಾಪಸ್ ತೆಗೆಯುತ್ತಾರೆ. ಆದ್ದರಿಂದ ಬಿಲ್ಲಿನಲ್ಲಿ ಮಜೂರಿಯೂ ಇದ್ದು ಅದರ ಮೇಲೆ ವೇಸ್ಟೇಜೂ ಹಾಕಿದರೆ ಒಪ್ಪಬೇಡಿ. ಒಂದೇ ಇರಲಿ, ಅದರ ಮೇಲೂ ಚೌಕಾಸಿ ಮಾಡಿ. ಮಜೂರಿ ಮಾತಾಡಿ ಇಳಿಸುವಂಥದ್ದು, ದರ ಹಾಗಲ್ಲ. ದರಕ್ಕೆ ಚಿನ್ನ ವ್ಯಾಪಾರಿಗಳ ಸಂಘ ಐಬಿಜೆಎ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಸಂಜೆ ಪ್ರಕಟಿಸುವ ದರ ನೋಡಿಕೊಂಡು ಹೋಗಿ, ಅದರಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ.

ನಿಮಗೆ ಮಾತ್ರ ನನ್ನ ಸಲಹೆ ಡೊಂಬಿವಲಿಯಲ್ಲೇ ಕೊಳ್ಳಿ ಎಂದು. ಹಾಲ್‌ಮಾರ್ಕ್ ಎರಡೂ ಕಡೆ ಒಂದೇ. ಬಜಾರಿನ ಹತ್ತಿರದ ಮಸ್ಜಿದ್ ಸ್ಟೇಷನ್ನಿನಿಂದ ಸಂಜೆಯ ಲೋಕಲ್ ಹತ್ತಿ, ಚಿನ್ನ ಹಿಡಿದು ಗಂಟೆಗಟ್ಟಲೆ ಆ ನೂಕುನುಗ್ಗಲಿನಲ್ಲಿ ಬರುವ ಅಪಾಯಕ್ಕೆ ಉಳಿಯುವ ಸಾವಿರ ರೂಪಾಯಿ ಸಾಲದು. ಅಕ್ಷಯ ತೃತೀಯದ ದಿನವೇ ಕೊಳ್ಳಬೇಕೆಂದಿದ್ದರೆ ಸಣ್ಣ ನಾಣ್ಯ ಒಂದು ತನ್ನಿ. ಬಳೆ ಆರಿಸಲು ಜನ ಇಲ್ಲದ ಮಂಗಳವಾರ ಮಧ್ಯಾಹ್ನ ಹೋಗಿ, ಎಲ್ಲ ತೂಗಿ ಬರೆಸಲು ಪುರುಸೊತ್ತು ಸಿಗುತ್ತದೆ.

ಇಡುವ ವಿಷಯ. ದಿನ ಹಾಕುವುದು ಮೈಮೇಲೆ, ಉಳಿದದ್ದು ಲಾಕರಿನಲ್ಲಿ. ಕಪಾಟಿನಲ್ಲಿ ಎಲ್ಲವನ್ನೂ ಇಡುವುದು ನನಗೆ ಸರಿ ಕಾಣುವುದಿಲ್ಲ. ಲಾಕರ್ ಎಂದರೆ ಪೂರ್ತಿ ಖಾತ್ರಿ ಎಂದೂ ಅಲ್ಲ. 2022ರ ಜನವರಿಯಿಂದ ಬಂದ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ನೌಕರರ ಮೋಸ ಇವುಗಳಿಂದ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನ ತನಕ ಮಾತ್ರ. ಬಾಡಿಗೆ 3,000 ಆದರೆ 3 ಲಕ್ಷ. ನೆರೆ ಬಂದು ಹಾಳಾದರೆ ಅದೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಊರು ನಮ್ಮದು. ಲಾಕರ್ ನೆಲಮಾಳಿಗೆಯಲ್ಲಿದ್ದರೆ ಬೇಡ ಅನ್ನಿ. ಪ್ರತಿ ಒಡವೆಯ ಫೋಟೋ, ತೂಕ, ಎಚ್‌ಯುಐಡಿ ಬರೆದು ಇಟ್ಟುಕೊಳ್ಳಿ, ಒಂದು ಪ್ರತಿ ಮಗನ ಹತ್ತಿರ ಇರಲಿ. ಆ ಕೆಲಸಕ್ಕೆ ಅವನ ಫೋನು ಒಳ್ಳೆಯದೇ.

ಬಿಲ್ಲು ನಿಮ್ಮ ಹೆಸರಿನಲ್ಲೇ ಮಾಡಿಸಿ, ಗಂಡನ ಹೆಸರಿನಲ್ಲಿ ಬೇಡ. ದುಡ್ಡು ನಿಮ್ಮ ಖಾತೆಯಿಂದ ಹೋಗಲಿ. 2 ಲಕ್ಷ ದಾಟಿದರೆ ಪ್ಯಾನ್ ಬೇಕು. ಮದುವೆಯಾದ ಹೆಂಗಸು 500 ಗ್ರಾಮು ಮಾತ್ರ ಇಡಬಹುದು ಎಂದು ಸುತ್ತುವ ಮಾತಿಗೆ ಹೆದರಬೇಡಿ. ಆದಾಯ ತೆರಿಗೆಯವರು ಮನೆ ಶೋಧಿಸಿದಾಗ ಅಷ್ಟರ ತನಕದ ಒಡವೆಯನ್ನು ವಶಪಡಿಸಿಕೊಳ್ಳಬಾರದು ಎಂದು 1994ರಲ್ಲಿ ಹೊರಟ ಸೂಚನೆ ಅದು. ಲೆಕ್ಕ ಇದ್ದರೆ ಎಷ್ಟು ಬೇಕಾದರೂ ಇಡಬಹುದು. ಮಾರುವಾಗ, 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇ. 12.5 ತೆರಿಗೆ. ಇದು 2024ರ ಜುಲೈ 23ರಿಂದ ಬಂದ ನಿಯಮ.

ಅಡವಿಡುವ ದಿನ ಬಂದರೆ, ರಿಸರ್ವ್ ಬ್ಯಾಂಕ್ 2025ರ ಜೂನಿನಲ್ಲಿ ಹೊರಡಿಸಿದ ನಿಯಮಗಳು ನಿಮ್ಮ ಪರವಾಗಿವೆ. 2026ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕುಗಳೂ ಜಾರಿಗೆ ತರಬೇಕಾದ ನಿಯಮ ಅದು. 2.5 ಲಕ್ಷದ ತನಕದ ಸಾಲಕ್ಕೆ ಚಿನ್ನದ ಬೆಲೆಯ ಶೇ. 85, 5 ಲಕ್ಷದ ತನಕ ಶೇ. 80, ಅದಕ್ಕೂ ಮೇಲೆ ಶೇ. 75. ಪರೀಕ್ಷೆ ನಿಮ್ಮ ಎದುರಿಗೇ ಆಗಬೇಕು. ನಮ್ಮಂಥವರು ಒಡವೆ ಹಿಡಿದು ಒಳಗಿನ ಕೋಣೆಗೆ ಹೋದರೆ ನೀವೂ ಎದ್ದು ಜೊತೆಗೆ ಬನ್ನಿ. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಚಿನ್ನ ವಾಪಸ್ ಕೊಡದಿದ್ದರೆ, ತಪ್ಪು ಅವರದಾದರೆ, ದಿನಕ್ಕೆ 5,000 ರೂಪಾಯಿ ಪರಿಹಾರ.

ಕೊನೆಗೆ ಅತ್ತೆಯವರ ಅವಲಕ್ಕಿ ಸರ. ಕೊಡಬೇಡಿ. ಅಂಗಡಿಗೆ ಅದು ಕರಗಿಸುವ ಚಿನ್ನ ಅಷ್ಟೇ. ಹಳೆಯದಕ್ಕೆ ಶುದ್ಧತೆ ಕಮ್ಮಿ ಎಂದು ಮುರಿಯುತ್ತಾರೆ, ಹೊಸದಕ್ಕೆ ಮಜೂರಿ, ಜಿಎಸ್‌ಟಿ ಹಾಕುತ್ತಾರೆ, ನೀವು ಎರಡೂ ಕಡೆ ಕಳೆದುಕೊಳ್ಳುತ್ತೀರಿ. ತೆರಿಗೆಯ ಕಣ್ಣಿನಲ್ಲಿ ವಿನಿಮಯವೂ ಮಾರಾಟವೇ. ಅದಕ್ಕಿಂತ ಹೆಚ್ಚಾಗಿ, ಒಂದೊಂದು ಎಸಳನ್ನೂ ಕೈಯಲ್ಲೇ ತಟ್ಟಿ ಪೋಣಿಸಿದ ಆ ಕೆಲಸ ಈಗ ಮಾಡುವವರು ಕಡಿಮೆ. ನಮ್ಮ ಕರಾವಳಿಯ ಹಳೆಯ ಸರಗಳು ನನ್ನ ಮೇಜಿಗೆ ಬಂದಾಗ ಪರೀಕ್ಷೆ ಮುಗಿದ ಮೇಲೂ ಒಂದು ಗಳಿಗೆ ಹಿಡಿದುಕೊಂಡು ಕೂರುತ್ತೇನೆ. ಹಾಲ್‌ಮಾರ್ಕ್ ಇಲ್ಲ ಎಂದು ಚಿಂತೆ ಬೇಡ, ಹಳೆಯದನ್ನು ಇಟ್ಟುಕೊಳ್ಳಲು ಅದು ಬೇಕಿಲ್ಲ. ಶುದ್ಧತೆ ತಿಳಿಯಬೇಕಾದರೆ ಬಿಐಎಸ್ ಒಪ್ಪಿದ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ಯಿರಿ. ನಾಲ್ಕು ಒಡವೆಗಳ ತನಕ ಶುಲ್ಕ 200 ರೂಪಾಯಿ, ಮೇಲೆ ತೆರಿಗೆ. ವರದಿ ಬರೆದು ಕೊಡುತ್ತಾರೆ. ಆ ವರದಿಯ ಜೊತೆ, ಇದು ಅತ್ತೆಯವರು ಕೊಟ್ಟದ್ದು ಎಂದು ಅವರಿಂದಲೇ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ದಾರ ಸವೆದಿದ್ದರೆ ಹೊಸದರಲ್ಲಿ ಪೋಣಿಸಲು ಕೊಡಿ. ಕೊಡುವ ಮೊದಲು ತೂಗಿಸಿ, ಎಸಳು ಎಣಿಸಿ ಚೀಟಿ ಬರೆಸಿಕೊಳ್ಳಿ. ವಾಪಸ್ ತಗೊಳ್ಳುವಾಗ ಅಲ್ಲೇ ಕೂತು ಮತ್ತೆ ತೂಗಿಸಿ, ಮತ್ತೆ ಎಣಿಸಿ.